ಲಿಂಕ್‌ಗೆ 1,840 ಕ್ಲಿಕ್ ಅಂತೆ, ಬೆಲ್ಲ ಹೋಗಿದ್ದು 19 ಮನೆಗೆ. ಈ ಲೆಕ್ಕ ನಂಬುವುದು ಹೇಗೆ?

ಆಲೆಮನೆ_ಮಂಡ್ಯ:

ಎಲ್ಲರಿಗೂ ನಮಸ್ಕಾರ. ಮಂಡ್ಯದ ಹತ್ತಿರ ನಮ್ಮದೊಂದು ಆಲೆಮನೆ ಇದೆ. ಅಪ್ಪ ಮೂವತ್ತು ವರ್ಷದಿಂದ ಬೆಲ್ಲ ಮಾಡಿ ಎಪಿಎಂಸಿಗೆ ಹಾಕುತ್ತಿದ್ದಾರೆ. ಹೋದ ವರ್ಷದಿಂದ ನಾನು ಅಚ್ಚು ಬೆಲ್ಲ, ಜೋನಿ ಬೆಲ್ಲ ಎರಡನ್ನೂ ನೇರವಾಗಿ ಮನೆಗಳಿಗೆ ಕಳಿಸುತ್ತಿದ್ದೇನೆ. ಒಂದು ಚಿಕ್ಕ ವೆಬ್‌ಸೈಟ್ ಇದೆ. ಅದರಲ್ಲಿ ಕಾರ್ಟ್, ಪೇಮೆಂಟ್ ಏನೂ ಇಲ್ಲ. ಫೋಟೊ, ಬೆಲೆ, ಕೆಳಗೆ 'ವಾಟ್ಸಾಪ್‌ನಲ್ಲಿ ಆರ್ಡರ್ ಮಾಡಿ' ಅಂತ ಒಂದು ಹಸಿರು ಬಟನ್. ಅಷ್ಟೇ.

ದಸರಾ ಟೈಮಲ್ಲಿ ಒಬ್ಬರು ಪ್ರಚಾರ ಮಾಡಿಕೊಡುತ್ತೇನೆ ಅಂದರು. ಮಾತು ಇಷ್ಟೇ: ಒಂದು ಕ್ಲಿಕ್‌ಗೆ 3 ರೂಪಾಯಿ. ಅವರೇ ಒಂದು ಶಾರ್ಟ್ ಲಿಂಕ್ (ನಮ್ಮ ಪುಟಕ್ಕೆ ಕಳಿಸುವ, ಕ್ಲಿಕ್ ಎಣಿಸುವ ಚಿಕ್ಕ ವಿಳಾಸ) ಮಾಡಿ ಫೇಸ್‌ಬುಕ್, ಟೆಲಿಗ್ರಾಂ, ವಾಟ್ಸಾಪ್ ಗುಂಪು ಅಂತ ಎಲ್ಲ ಕಡೆ ಹಾಕಿದರು. 20 ದಿನ ಆದ ಮೇಲೆ ಬಿಲ್ ಬಂತು. 1,840 ಕ್ಲಿಕ್, 5,520 ರೂಪಾಯಿ. ಜೊತೆಗೆ ಸ್ಕ್ರೀನ್‌ಶಾಟ್.

ನನಗೆ ಬಂದ ವಾಟ್ಸಾಪ್ ಮೆಸೇಜ್ 31. ಬೆಲ್ಲ ತಗೊಂಡವರು 19.

ಅವರು ಸುಳ್ಳು ಹೇಳಿದ್ದಾರೆ ಅಂತ ನಾನು ಹೇಳುತ್ತಿಲ್ಲ. ಸ್ಕ್ರೀನ್‌ಶಾಟಿನಲ್ಲಿ ಅಷ್ಟೇ ಇದೆ. ಆದರೆ ಸಾವಿರದ ಎಂಟುನೂರು ಜನ ನಮ್ಮ ಬೆಲ್ಲ ನೋಡಿ ಒಂದು ಮಾತೂ ಆಡದೆ ಹೋದರು ಅಂದರೆ ನಂಬಲಿಕ್ಕಾಗುತ್ತಿಲ್ಲ. ಫೋಟೊ ಅಷ್ಟು ಕೆಟ್ಟದಾಗಿದೆಯಾ? ಅಥವಾ ಈ ಎಣಿಕೆಯಲ್ಲೇ ಏನಾದರೂ ಇದೆಯಾ? ದುಡ್ಡು ಇನ್ನೂ ಕೊಟ್ಟಿಲ್ಲ. ತಿಳಿದವರು ಹೇಳಿ.

ಮಾರ್ಕೆಟಿಂಗ್_ಮೈಸೂರು:

ಕ್ಲಿಕ್‌ಗೆ ದುಡ್ಡು ಅಂತ ಒಪ್ಪಿಕೊಂಡ ಮೇಲೆ ಕ್ಲಿಕ್‌ಗೆ ಕೊಡಬೇಕು. ಆರ್ಡರ್ ಬರಲಿಲ್ಲ ಅಂತ ತಕರಾರು ತೆಗೆದರೆ ನಮ್ಮಂಥವರು ಬದುಕುವುದು ಹೇಗೆ ಗುರು? ಬೆಲೆ ಜಾಸ್ತಿ ಇಟ್ಟಿರಬಹುದು, ಡೆಲಿವರಿ ಚಾರ್ಜ್ ನೋಡಿ ಓಡಿರಬಹುದು.

ಆಲೆಮನೆ_ಮಂಡ್ಯ:

ಅದೂ ಇರಬಹುದು ಅಣ್ಣ. ಆರ್ಡರ್ ಬಿಡಿ, 1,840 ಸಲ ಯಾರು ಒತ್ತಿದರು ಅನ್ನುವುದು ನನ್ನ ಪ್ರಶ್ನೆ.

ಲಾಗ್_ಅಕ್ಕ:

ಮೈಸೂರಲ್ಲಿ ಹನ್ನೊಂದು ವರ್ಷದಿಂದ ಸರ್ವರ್ ನೋಡಿಕೊಳ್ಳುವ ಕೆಲಸ ನನ್ನದು. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಶಾರ್ಟ್ ಲಿಂಕ್ ಎಣಿಸುವುದು ಜನರನ್ನಲ್ಲ, ಬೆರಳನ್ನೂ ಅಲ್ಲ. 'ಈ ವಿಳಾಸ ಕೊಡು' ಅಂತ ಎಷ್ಟು ಸಲ ಯಾರೋ ಕೇಳಿದರು ಅಂತ ಎಣಿಸುತ್ತದೆ. ಕೇಳಿದ್ದು ಮನುಷ್ಯರಾ, ಯಂತ್ರವಾ ಅನ್ನುವುದು ಆಮೇಲಿನ ಮಾತು. ಕೆಲವು ಸೇವೆಗಳು ಯಂತ್ರಗಳನ್ನು ಸೋಸಿ ಲೆಕ್ಕ ಕೊಡುತ್ತವೆ, ಎಲ್ಲವೂ ಅಲ್ಲ.

ತಮ್ಮಾ, ಅವರ ಸ್ಕ್ರೀನ್‌ಶಾಟ್ ಪಕ್ಕಕ್ಕಿಡು. ನಿನ್ನ ಸೈಟಿನ ಆಕ್ಸೆಸ್ ಲಾಗ್, ಅಂದರೆ ಸರ್ವರ್ ಬರೆದಿಡುವ ಭೇಟಿಗಳ ದಾಖಲೆ, ತೆಗೆ. ಹೋಸ್ಟಿಂಗ್ ಪ್ಯಾನೆಲ್‌ನಲ್ಲಿ 'ರಾ ಆಕ್ಸೆಸ್' ಅಂತ ಇರುತ್ತದೆ. ಅದರಲ್ಲಿ ಒಂದೊಂದು ಸಾಲೂ ಒಂದೊಂದು ರಿಕ್ವೆಸ್ಟ್. ಐಪಿ (ಇಂಟರ್ನೆಟ್ ಸಂಪರ್ಕದ ವಿಳಾಸ ಸಂಖ್ಯೆ), ಸಮಯ, ಯಾವ ಪುಟ, ಏನು ಉತ್ತರ ಹೋಯಿತು, ಎಷ್ಟು ಬೈಟ್, ಎಲ್ಲಿಂದ ಬಂದರು, ಯಾವ ಬ್ರೌಸರ್. ಶಾರ್ಟ್ ಲಿಂಕ್ ನಿನ್ನ ಪುಟಕ್ಕೆ ಕಳಿಸುವಾಗ ವಿಳಾಸದ ಕೊನೆಗೆ ಯುಟಿಎಂ ಬಾಲ (ಎಲ್ಲಿಂದ ಬಂದರು ಅಂತ ಹೇಳುವ ಗುರುತು) ಏನಾದರೂ ಅಂಟಿಸಿದ್ದರಾ? ಇದ್ದರೆ ಅದೇ ಸಾಲುಗಳನ್ನು ಆರಿಸಿಕೊಳ್ಳುವುದು ಸುಲಭ.

ಅಡುಗೆ_ಭಟ್ಟರ_ಮಗ:

ಮದುವೆ ಮನೆಯ ಲೆಕ್ಕ ನೆನಪಾಯಿತು. ಛತ್ರದ ಬಾಗಿಲಲ್ಲಿ ಪನ್ನೀರು ಹಾಕುವ ಹುಡುಗಿ ಹೇಳುವ ಲೆಕ್ಕ ಬೇರೆ, ನಮ್ಮಪ್ಪನ ಎಲೆ ಲೆಕ್ಕ ಬೇರೆ. ಬಾಗಿಲಲ್ಲಿ ಒಬ್ಬನೇ ನಾಲ್ಕು ಸಲ ಒಳಗೆ ಹೊರಗೆ ಓಡಾಡುತ್ತಾನೆ, ವಾಲಗದವರು ಬರುತ್ತಾರೆ, ಹೂವಿನವನು ಬರುತ್ತಾನೆ. ದುಡ್ಡು ಮಾತ್ರ ಎಲೆಗೆ.

ಲಾಗ್_ಅಕ್ಕ:

ಹೋಲಿಕೆ ಚೆನ್ನಾಗಿದೆ. ಆದರೆ ಇಲ್ಲಿ ಎಲೆ ಲೆಕ್ಕದಲ್ಲೂ ಮೋಸ ಇದೆ. ಎಲೆ ಮುಂದೆ ಕೂತವರಲ್ಲಿ ಕೆಲವರಿಗೆ ಹೊಟ್ಟೆಯೇ ಇರುವುದಿಲ್ಲ.

ನಿವೃತ್ತ_ಬ್ಯಾಂಕ್:

ನನಗೆ 68 ವರ್ಷ. ಈ ವಿಷಯ ಗೊತ್ತಿಲ್ಲ, ತಿಳಿಯುವ ಆಸೆ. ಕ್ಲಿಕ್ ಅಂದರೆ ಬೆರಳಿನಿಂದ ಒತ್ತುವುದು ತಾನೆ? ಬೆರಳೇ ಇಲ್ಲದೆ ಕ್ಲಿಕ್ ಆಗುವುದು ಹೇಗೆ?

ಕುವೆಂಪುನಗರ_ಕೋಡರ್:

ಒಳ್ಳೆಯ ಪ್ರಶ್ನೆ ಸರ್. ವಾಟ್ಸಾಪ್‌ನಲ್ಲಿ ಯಾರಿಗಾದರೂ ಲಿಂಕ್ ಕಳಿಸುವಾಗ ನೋಡಿದ್ದೀರಾ? ಅಂಟಿಸಿದ ಕೂಡಲೇ ಒಂದು ಚಿಕ್ಕ ಫೋಟೊ, ಹೆಸರು, ಎರಡು ಸಾಲು ಬರುತ್ತದೆ. ಆ ಫೋಟೊ ಎಲ್ಲಿಂದ ಬಂತು? ನೀವು ಒತ್ತುವ ಮೊದಲೇ ನಿಮ್ಮ ಫೋನ್ ಆ ಪುಟಕ್ಕೆ ಹೋಗಿ ತಂದಿದೆ. ಇದಕ್ಕೆ ಲಿಂಕ್ ಪ್ರಿವ್ಯೂ ಅನ್ನುತ್ತಾರೆ. ಫೇಸ್‌ಬುಕ್, ಟೆಲಿಗ್ರಾಂ ಆದರೆ ಫೋನ್ ಬದಲು ಅವರ ಸರ್ವರೇ ಹೋಗಿ ತರುತ್ತದೆ. ಆ ಒಂದು ಭೇಟಿ ಕೂಡ ಲೆಕ್ಕದಲ್ಲಿ ಒಂದು.

ಆಫೀಸ್ ಮೇಲ್‌ಗೆ ಲಿಂಕ್ ಕಳಿಸಿದರೆ ಇನ್ನೊಂದು ಮಜಾ. ವೈರಸ್ ಇದೆಯೇ ಅಂತ ನೋಡಲು ಕಂಪನಿಯ ಮೇಲ್ ಫಿಲ್ಟರ್ ತಾನೇ ಲಿಂಕ್ ತೆರೆಯುತ್ತದೆ. ಕಳಿಸಿ ಐದು ಸೆಕೆಂಡಿಗೆ ಇಪ್ಪತ್ತು ಕ್ಲಿಕ್ ಬಂದರೆ ಜನ ಕಾದು ಕೂತಿದ್ದರು ಅಂತಲ್ಲ. ಫಿಲ್ಟರ್ ಕೆಲಸ ಮಾಡಿತು, ಅಷ್ಟೇ. ಪುಟಗಳನ್ನು ಹುಡುಕಿಕೊಂಡು ಓಡಾಡುವ ಸರ್ಚ್ ಎಂಜಿನ್‌ನ ಯಂತ್ರಗಳು (ಕ್ರಾಲರ್) ಬೇರೆ. ಬ್ರೌಸರ್ ಕೂಡ ಕೆಲವು ಸಲ 'ಇವರು ಇದನ್ನೇ ಒತ್ತಬಹುದು' ಅಂತ ಊಹಿಸಿ ಪುಟವನ್ನು ಮೊದಲೇ ತಂದಿಟ್ಟುಕೊಳ್ಳುತ್ತದೆ.

ನಿವೃತ್ತ_ಬ್ಯಾಂಕ್:

ಅಂದರೆ ನಾನು ಗುಂಪಿಗೆ ದಿನಾ ಹಾಕುವ ಸುಪ್ರಭಾತದ ಲಿಂಕ್‌ಗಳಿಗೆಲ್ಲ ನಾನೇ ಒಂದು ಕ್ಲಿಕ್ ಕೊಡುತ್ತಿದ್ದೇನೆ! ಧನ್ಯವಾದ.

ಆಲೆಮನೆ_ಮಂಡ್ಯ:

ಅಕ್ಕ ಹೇಳಿದ ಹಾಗೆ ಲಾಗ್ ತೆಗೆದೆ. ಭಾನುವಾರ ಪೂರ್ತಿ ಅದರಲ್ಲೇ ಹೋಯಿತು. ಈ ಕಡೆ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿತ್ತು, ನಾನು ಲ್ಯಾಪ್‌ಟಾಪ್ ಹಿಡಿದು ಬೇವಿನ ಮರದ ಕೆಳಗೆ ಕೂತಿದ್ದೆ. ಕೆಲಸದವರು ನೋಡಿ ನಗುತ್ತಿದ್ದರು.

ಯುಟಿಎಂ ಬಾಲ ಇತ್ತು, ಪುಣ್ಯಕ್ಕೆ. ಆ ಬಾಲ ಇರುವ ಸಾಲು ಒಟ್ಟು 1,566. ಅಲ್ಲಿಗೇ 274 ಕಡಿಮೆ. ಶಾರ್ಟ್ ಲಿಂಕ್‌ವರೆಗೆ ಬಂದು ನಮ್ಮ ಪುಟಕ್ಕೆ ಬಾರದೇ ಹೋದವು ಅವು.

ಆಮೇಲೆ ಸೋಸಲು ಶುರು ಮಾಡಿದೆ. ತಾವು ಬಾಟ್ (ತಾನಾಗಿ ಓಡಾಡುವ ಯಂತ್ರ) ಅಂತ ತಾವೇ ಹೆಸರು ಹೇಳಿಕೊಂಡವು, ಅಂದರೆ ಫೇಸ್‌ಬುಕ್‌ಎಕ್ಸ್‌ಟರ್ನಲ್‌ಹಿಟ್, ಟೆಲಿಗ್ರಾಂಬಾಟ್, ವಾಟ್ಸಾಪ್ ಪ್ರಿವ್ಯೂ, ಗೂಗಲ್‌ಬಾಟ್ ಇಂಥವು 412. ಉಳಿದದ್ದು 1,154. ಇನ್ನು 96 ಸಾಲಿನಲ್ಲಿ 'ಗೆಟ್' ಬದಲು 'ಹೆಡ್' ಅಂತ ಇತ್ತು. ಅಂದರೆ ಪುಟ ಬೇಡ, ಇದೆಯೋ ಇಲ್ಲವೋ ಹೇಳು ಸಾಕು ಅಂತ ಕೇಳಿದ್ದು. ಬೆಲ್ಲ ಕೊಳ್ಳುವವರು ಹಾಗೆ ಕೇಳುವುದಿಲ್ಲ. 1,058.

ಮುಂದಿನದ್ದು ನೋಡಿ ತಲೆ ಕೆಟ್ಟಿತು. 388 ಸಾಲು ನೋಡಲು ಥೇಟ್ ಮನುಷ್ಯರ ಹಾಗೇ ಇವೆ. ಕಂಪ್ಯೂಟರ್, ಕ್ರೋಮ್ ಬ್ರೌಸರ್, ಎಲ್ಲ ಸರಿ. ಆದರೆ ಪುಟ ಮಾತ್ರ ತಗೊಂಡಿವೆ. ಪುಟದಲ್ಲಿರುವ ಏಳು ಫೋಟೊದಲ್ಲಿ ಒಂದನ್ನೂ ಕೇಳಿಲ್ಲ. ಪುಟದ ಅಂದ ಹೇಳುವ ಸಿಎಸ್‌ಎಸ್ ಫೈಲನ್ನೂ ಕೇಳಿಲ್ಲ. ಬೆಳಗಿನ ಜಾವ 3:12ರಿಂದ 3:14ರೊಳಗೆ ಅಂಥವು 41 ಬಂದಿವೆ. ಐಪಿ ಹುಡುಕಿದರೆ ಎಲ್ಲವೂ ಹೊರದೇಶದ ಕ್ಲೌಡ್ ಕಂಪನಿಗಳವು. ಬೆಳಗಿನ ಜಾವ ಮೂರು ಗಂಟೆಗೆ ಕಣ್ಣು ಮುಚ್ಚಿಕೊಂಡು ಬೆಲ್ಲ ನೋಡಲು ಬಂದವರು ಇವರು. ತೆಗೆದೆ. 670.

ಒಂದೇ ಐಪಿಯಿಂದ ಹತ್ತು ಸೆಕೆಂಡಿನೊಳಗೆ ಎರಡನೇ ಸಲ ಬಂದದ್ದು 83. ನೆಟ್‌ವರ್ಕ್ ನಿಧಾನ ಅಂತ ಎರಡೆರಡು ಸಲ ಒತ್ತಿದವರು ಇರಬೇಕು. 587.

ಕೊನೆಯದು ಹೇಳಲು ಸ್ವಲ್ಪ ನಾಚಿಕೆ. 117 ಸಾಲು ನಮ್ಮ ಮನೆಯ ಬ್ರಾಡ್‌ಬ್ಯಾಂಡ್‌ನಿಂದ. ನಾನು ಅಡ್ಮಿನ್ ಆಗಿ ಲಾಗಿನ್ ಆದ ಐಪಿಯೂ ಅದೇ, ಹಾಗಾಗಿ ಗೊತ್ತಾಯಿತು. ಅದರಲ್ಲಿ ನನ್ನದು ಎಷ್ಟು ಅಂತ ನೋಡಿದರೆ ಅರ್ಧಕ್ಕಿಂತ ಕಡಿಮೆ. ಉಳಿದವು ದಿನಾ ಬೆಳಿಗ್ಗೆ 5:40ರ ಸುಮಾರಿಗೆ, ಮಧ್ಯಾಹ್ನ ಊಟದ ಹೊತ್ತಿಗೆ, ರಾತ್ರಿ ಎಂಟಕ್ಕೆ. ಅಪ್ಪನನ್ನು ಕೇಳಿದೆ. ಅಡ್ರೆಸ್ ಟೈಪ್ ಮಾಡಲು ಬಾರದೆ, ಮನೆ ಗುಂಪಿಗೆ ನಾನು ಹಾಕಿದ್ದ ಲಿಂಕ್ ಒತ್ತಿ ನಮ್ಮ ಬೆಲ್ಲದ ಪುಟವನ್ನು ದಿನಕ್ಕೆ ಮೂರು ಹೊತ್ತು ನೋಡುತ್ತಿದ್ದರಂತೆ. ಒಂದೊಂದು ಸಲಕ್ಕೆ ಮೂರು ರೂಪಾಯಿ!

ಎಲ್ಲ ಕಳೆದು ಉಳಿದದ್ದು 470. ಮಡ್ಡಿ ತೆಗೆದು ತೆಗೆದು ಕೊಪ್ಪರಿಗೆ ತಳ ಕಂಡ ಹಾಗಾಯಿತು.

ಚಾಮುಂಡಿ_ಮೆಟ್ಟಿಲು:

ಅಪ್ಪನ ಸುದ್ದಿ ಓದಿ ಬಸ್ಸಿನಲ್ಲಿ ಒಬ್ಬನೇ ನಕ್ಕೆ. ಪಕ್ಕದವರು ನೋಡಿದರು.

ಮಾರ್ಕೆಟಿಂಗ್_ಮೈಸೂರು:

ಸರಿ, ಬಾಟ್ ತೆಗೆದದ್ದು ಒಪ್ಪುತ್ತೇನೆ. ಆದರೆ 83 ತೆಗೆದದ್ದು ಹೇಗೆ ಸರಿ? ಒಂದೇ ಐಪಿ ಅಂದರೆ ಒಬ್ಬನೇ ಅಂತ ಯಾರು ಹೇಳಿದರು? ಮೊಬೈಲ್ ಕಂಪನಿಗಳು ಸಾವಿರಾರು ಗಿರಾಕಿಗಳನ್ನು ಒಂದೇ ಐಪಿಯ ಹಿಂದೆ ಕೂರಿಸುತ್ತವೆ. ಹಾಸ್ಟೆಲ್, ಕಾಲೇಜು, ಆಫೀಸ್ ವೈಫೈ ಎಲ್ಲ ಹಾಗೆಯೇ. ನಾನು ನಮ್ಮ ಆಫೀಸ್ ಗುಂಪಿಗೆ ಲಿಂಕ್ ಹಾಕಿದರೆ ಆರು ಜನ ಒಟ್ಟಿಗೇ ಒತ್ತುತ್ತಾರೆ. ನಿಮ್ಮ ಲೆಕ್ಕದಲ್ಲಿ ಐದು ಜನ ಮಾಯ.

ಲಾಗ್_ಅಕ್ಕ:

ಇದು ನಿಜ. ಮೊಬೈಲ್ ಕಂಪನಿಗಳು ಹೀಗೆ ಮಾಡುವುದಕ್ಕೆ ಸಿಜಿನ್ಯಾಟ್ ಅನ್ನುತ್ತಾರೆ. ಉಲ್ಟಾ ಕೂಡ ಇದೆ. ಒಬ್ಬನೇ ಮನೆಯಲ್ಲಿ ವೈಫೈನಲ್ಲಿ ನೋಡಿ, ರೈಲಿನಲ್ಲಿ ಮೊಬೈಲ್ ಡೇಟಾದಲ್ಲಿ ನೋಡಿದರೆ ಲೆಕ್ಕಕ್ಕೆ ಇಬ್ಬರು. ಐಪಿ ಹಿಡಿದು ಜನರನ್ನು ಎಣಿಸುವುದು ಸಂತೆಯಲ್ಲಿ ಚಪ್ಪಲಿ ನೋಡಿ ತಲೆ ಎಣಿಸಿದ ಹಾಗೆ.

ಜೊತೆಗೆ ಬ್ರೌಸರ್ ಹೆಸರು ನೋಡಿ ಫೋನ್ ಗುರುತಿಸುವುದೂ ಈಗ ಆಗುವುದಿಲ್ಲ. ಮೊದಲು ಆಂಡ್ರಾಯ್ಡ್ ಕ್ರೋಮ್ ತನ್ನ ಫೋನಿನ ಮಾಡೆಲ್ ಸಹಿತ ಹೇಳುತ್ತಿತ್ತು. 2023ರಿಂದ ಯಾವ ಫೋನ್ ಆದರೂ 'ಆಂಡ್ರಾಯ್ಡ್ 10; ಕೆ' ಅಂತ ಒಂದೇ ಮಾತು. ಜನರ ಗುಟ್ಟು ಕಾಪಾಡಲು ಮಾಡಿದ್ದು, ಒಳ್ಳೆಯದೇ. ಆದರೆ ಎಣಿಸುವವರಿಗೆ ಒಂದು ಗುರುತು ಹೋಯಿತು.

ಹಾಗಾಗಿ ತಮ್ಮಾ, 470 ಅನ್ನುವುದೂ ಕಲ್ಲಿನಲ್ಲಿ ಕೆತ್ತಿದ್ದಲ್ಲ. ಆ 83 ಮತ್ತೆ ಸೇರಿಸಿದರೆ 553. ಇವೆರಡರ ನಡುವೆ ಎಲ್ಲೋ ಇದೆ ಅಂದುಕೋ. 1,840 ಅಂತೂ ಅಲ್ಲ.

ಕುವೆಂಪುನಗರ_ಕೋಡರ್:

ಒಂದು ತಾಂತ್ರಿಕ ಮಾತು ಸೇರಿಸುತ್ತೇನೆ. ಶಾರ್ಟ್ ಲಿಂಕ್ ನಿಮ್ಮನ್ನು ಬೇರೆ ವಿಳಾಸಕ್ಕೆ ಕಳಿಸುವಾಗ ಒಂದು ನಂಬರ್ ಹೇಳುತ್ತದೆ. 301 ಅಂದರೆ 'ಶಾಶ್ವತವಾಗಿ ಅಲ್ಲಿಗೆ ಹೋಗಿದೆ'. 302 ಅಂದರೆ 'ಸದ್ಯಕ್ಕೆ ಅಲ್ಲಿದೆ'. 301 ಹೇಳಿದರೆ ಬ್ರೌಸರ್ ಅದನ್ನು ನೆನಪಿಟ್ಟುಕೊಳ್ಳಬಹುದು. ಎರಡನೇ ಸಲ ಒತ್ತಿದಾಗ ಮಧ್ಯದ ಅಂಗಡಿಗೆ ಹೋಗದೆ ನೇರ ಕೊನೆಗೆ ಹೋಗಿಬಿಡುತ್ತದೆ. ಎಣಿಸುವವನಿಗೆ ಗೊತ್ತೇ ಆಗುವುದಿಲ್ಲ. ಎಣಿಸಬೇಕಾದರೆ 302 ಇಡಿ.

ಹಳೇ_ಪಿಎಚ್‌ಪಿ:

ಇಷ್ಟೆಲ್ಲ ರಗಳೆ ಯಾಕೆ? ಸ್ವಂತ ಕೌಂಟರ್ ಬರೆದುಕೊಳ್ಳಿ. ಹತ್ತು ಸಾಲು. ಒಂದು ಟೆಕ್ಸ್ಟ್ ಫೈಲ್, ಅದರಲ್ಲಿ ಒಂದು ಅಂಕಿ. ಲಿಂಕ್ ಒತ್ತಿದಾಗ ಫೈಲ್ ಓದು, ಒಂದು ಕೂಡಿಸು, ಮತ್ತೆ ಬರೆ, ಆಮೇಲೆ ಪುಟಕ್ಕೆ ಕಳಿಸು. 2004ರಲ್ಲಿ ನಮ್ಮ ಕಾಲೇಜು ಸೈಟಿಗೆ ನಾನೇ ಮಾಡಿದ್ದೆ.

ಕುವೆಂಪುನಗರ_ಕೋಡರ್:

ಸರ್, ಆ ಹತ್ತು ಸಾಲಿನಲ್ಲೇ ಮೂರು ಗುಂಡಿ ಇದೆ.

ಮೊದಲನೆಯದು, ಇಬ್ಬರು ಒಂದೇ ಕ್ಷಣಕ್ಕೆ ಬಂದರೆ ಇಬ್ಬರಿಗೂ ಫೈಲಿನಲ್ಲಿ 57 ಅಂತ ಕಾಣುತ್ತದೆ. ಇಬ್ಬರೂ 58 ಅಂತ ಬರೆಯುತ್ತಾರೆ. ಬಂದದ್ದು ಎರಡು, ಏರಿದ್ದು ಒಂದು. ಇನ್ನೂ ಗ್ರಹಚಾರ ಕೆಟ್ಟಿದ್ದರೆ ಒಬ್ಬ ಬರೆಯಲು ಫೈಲ್ ಖಾಲಿ ಮಾಡಿದ ಗಳಿಗೆಯಲ್ಲೇ ಇನ್ನೊಬ್ಬ ಓದಿದ ಅಂದರೆ ಲೆಕ್ಕ ಮತ್ತೆ ಒಂದರಿಂದ ಶುರು. ಫೈಲಿಗೆ ಲಾಕ್ ಹಾಕಬೇಕು. ಇಲ್ಲ, ಡೇಟಾಬೇಸಿಗೆ 'ಇರುವುದಕ್ಕೆ ಒಂದು ಕೂಡಿಸು' ಅಂತ ಒಂದೇ ಮಾತಿನಲ್ಲಿ ಹೇಳಬೇಕು. ನನ್ನ ಕೇಳಿದರೆ ಕೂಡಿಸಲೂ ಬೇಡ. ಒಂದು ಕ್ಲಿಕ್‌ಗೆ ಒಂದು ಸಾಲು ಬರೆದಿಡಿ: ಸಮಯ, ಯಾವ ಲಿಂಕ್, ಬ್ರೌಸರ್ ಹೆಸರು. ಬೇಕಾದಾಗ ಎಣಿಸಿಕೊಳ್ಳಬಹುದು. ಬರೀ ಮೊತ್ತ ಇಟ್ಟುಕೊಂಡರೆ ಅದರಿಂದ ಬಾಟ್‌ಗಳನ್ನು ಆಮೇಲೆ ಕಳೆಯಲಿಕ್ಕಾಗುವುದಿಲ್ಲ. ಈ ತಮ್ಮ 1,566ರಿಂದ 470ಕ್ಕೆ ಇಳಿದದ್ದು ಸಾಲುಗಳು ಇದ್ದದ್ದರಿಂದ.

ಎರಡನೆಯದು ದೊಡ್ಡದು. ಬಹಳ ಜನ 'ಹೋಗು' ಅನ್ನುವ ಪುಟ ಮಾಡಿ, ಎಲ್ಲಿಗೆ ಹೋಗಬೇಕು ಅನ್ನುವ ವಿಳಾಸವನ್ನು ಲಿಂಕಿನಲ್ಲೇ ಇಟ್ಟುಬಿಡುತ್ತಾರೆ. ಆಗ ಯಾರು ಬೇಕಾದರೂ ಆ ಜಾಗದಲ್ಲಿ ತಮ್ಮ ಕಳ್ಳ ಸೈಟಿನ ವಿಳಾಸ ತುರುಕಬಹುದು. ನೋಡುವವರಿಗೆ ನಿಮ್ಮ ಹೆಸರಿನ ಲಿಂಕ್, ಒತ್ತಿದರೆ ಹೋಗುವುದು ಮೋಸದ ಬ್ಯಾಂಕ್ ಪುಟಕ್ಕೆ. ಇದಕ್ಕೆ ಓಪನ್ ರಿಡೈರೆಕ್ಟ್ ಅನ್ನುತ್ತಾರೆ. ಲಿಂಕಿನಲ್ಲಿ ಬರೀ ಒಂದು ಅಂಕಿ ಇರಲಿ. ಯಾವ ಅಂಕಿಗೆ ಯಾವ ವಿಳಾಸ ಅನ್ನುವುದು ನಿಮ್ಮ ಪಟ್ಟಿಯಲ್ಲಿರಲಿ.

ಮೂರನೆಯದು ಚಿಕ್ಕದು. ಆ 'ಹೋಗು' ಫೋಲ್ಡರಿಗೆ ಬರಬೇಡಿ ಅಂತ ಬಾಟ್‌ಗಳಿಗೆ ಸೂಚನೆ ಹೇಳುವ ರೋಬೋಟ್ಸ್ ಫೈಲಿನಲ್ಲಿ ಬರೆದಿಡಿ. ಒಳ್ಳೆಯ ಬಾಟ್‌ಗಳು ಮಾತು ಕೇಳುತ್ತವೆ, ಕೆಟ್ಟವು ಕೇಳುವುದಿಲ್ಲ.

ಹಳೇ_ಪಿಎಚ್‌ಪಿ:

ಕಾಲೇಜು ಸೈಟಿನ ಕೌಂಟರ್ ವರ್ಷಕ್ಕೆರಡು ಸಲ ಸೊನ್ನೆಗೆ ಹೋಗುತ್ತಿತ್ತು. ಯಾರೋ ಹ್ಯಾಕ್ ಮಾಡುತ್ತಿದ್ದಾರೆ ಅಂತ ಇಪ್ಪತ್ತು ವರ್ಷ ನಂಬಿದ್ದೆ.

ಅಗರಬತ್ತಿ_ಅಂಗಡಿ:

ಮೈಸೂರಿನಲ್ಲಿ ನಮ್ಮದು ಅಗರಬತ್ತಿ ಅಂಗಡಿ. ಲಿಂಕ್ ಸ್ವಂತದ್ದೇ ಇರಲಿ ಅನ್ನುವುದಕ್ಕೆ ನನ್ನದೊಂದು ಕಥೆ. ಪ್ಯಾಕೆಟ್ ಮೇಲೆ ಕ್ಯುಆರ್ ಹಾಕಿಸಿದರೆ ಎಷ್ಟು ಜನ ಸ್ಕ್ಯಾನ್ ಮಾಡಿದರು ಅಂತ ಗೊತ್ತಾಗುತ್ತದೆ ಅಂತ ಒಂದು ಆನ್‌ಲೈನ್ ಸೇವೆಯಿಂದ ಪುಕ್ಕಟೆ ಕ್ಯುಆರ್ ಮಾಡಿಸಿದೆ. 2,000 ಲೇಬಲ್ ಪ್ರಿಂಟ್ ಆಯಿತು. ಹದಿನಾಲ್ಕು ದಿನ ಚೆನ್ನಾಗಿತ್ತು. ಹದಿನೈದನೇ ದಿನ ಸ್ಕ್ಯಾನ್ ಮಾಡಿದರೆ 'ನಿಮ್ಮ ಟ್ರಯಲ್ ಮುಗಿದಿದೆ' ಅಂತ. ಗಿರಾಕಿ ನನ್ನ ಮುಂದೆಯೇ ಫೋನ್ ತೋರಿಸಿ ನಕ್ಕರು. 1,400 ಲೇಬಲ್ ಇನ್ನೂ ಅಟ್ಟದ ಮೇಲಿದೆ.

ಕ್ಯುಆರ್ ತಾನಾಗಿ ಹಾಳಾಗುವುದಿಲ್ಲ. ಅದರೊಳಗೆ ಅವರ ವಿಳಾಸ ಇತ್ತು, ನನ್ನದಲ್ಲ. ಅದೇ ತಪ್ಪು.

ಲಾಗ್_ಅಕ್ಕ:

ದೊಡ್ಡ ಕಂಪನಿಯ ಸೇವೆ ಅಂತಲೂ ನೆಚ್ಚಿಕೊಳ್ಳುವ ಹಾಗಿಲ್ಲ. ಗೂಗಲ್‌ನವರದೇ ಒಂದು ಶಾರ್ಟ್ ಲಿಂಕ್ ಸೇವೆ 2009ರಲ್ಲಿ ಶುರುವಾಗಿತ್ತು. 2019ರಲ್ಲಿ ಹೊಸ ಲಿಂಕ್ ಮಾಡುವುದು ನಿಂತಿತು. 2025ರ ಆಗಸ್ಟ್‌ನಲ್ಲಿ ಹಳೆಯವನ್ನೂ ನಿಲ್ಲಿಸುತ್ತೇವೆ ಅಂದರು. ಜನ ಬೊಬ್ಬೆ ಹೊಡೆದ ಮೇಲೆ, ಬಳಕೆಯಲ್ಲಿರುವವನ್ನು ಉಳಿಸುತ್ತೇವೆ ಅಂದರು.

ಕ್ಯುಆರ್ ಮಾತು ಬಂತಲ್ಲ, ವಿಳಾಸ ಉದ್ದವಾದಷ್ಟೂ ಚೌಕಗಳು ಜಾಸ್ತಿ, ಸಣ್ಣ ಸಣ್ಣ. ಅತಿ ಚಿಕ್ಕ ಕ್ಯುಆರ್ 21ಕ್ಕೆ 21 ಚೌಕ. ಯುಟಿಎಂ ಬಾಲ ಎಲ್ಲ ಅದರೊಳಗೆ ತುರುಕಿದರೆ ಕಸೂತಿ ಹಾಕಿದ ಹಾಗಾಗುತ್ತದೆ. ಬೆಲ್ಲದ ಡಬ್ಬ ಬೇರೆ ಅಂಟಂಟು. ಎರರ್ ಕರೆಕ್ಷನ್ 'ಎಚ್' ಮಟ್ಟ ಇಟ್ಟರೆ ಸುಮಾರು ಶೇ 30ರಷ್ಟು ಹಾಳಾದರೂ ಓದುತ್ತದೆ, ಆದರೆ ಅದಕ್ಕೂ ಚೌಕ ಜಾಸ್ತಿ ಬೇಕು. ಹಾಗಾಗಿ ಒಳಗೆ ಪುಟ್ಟ ವಿಳಾಸ ಇಟ್ಟು, ಬಾಲವನ್ನು ನಿನ್ನ ಸರ್ವರ್‌ನಲ್ಲಿ ಅಂಟಿಸು.

ಚಾಮುಂಡಿ_ಮೆಟ್ಟಿಲು:

ಸೈಟಿನ ಭೇಟಿ ಎಣಿಸುವ ಗೂಗಲ್ ಅನಾಲಿಟಿಕ್ಸ್ ಹಾಕಿದರೆ ಇದೆಲ್ಲ ತಾನೇ ಬರುವುದಿಲ್ಲವಾ?

ಕುವೆಂಪುನಗರ_ಕೋಡರ್:

ಅರ್ಧ ಬರುತ್ತದೆ. ಈಗಿರುವ ಜಿಎ4ರಲ್ಲಿ (ಗೂಗಲ್ ಅನಾಲಿಟಿಕ್ಸ್ 4) ಎನ್‌ಹ್ಯಾನ್ಸ್ಡ್ ಮೆಷರ್‌ಮೆಂಟ್ ಅನ್ನುವ ಸೆಟ್ಟಿಂಗ್ ಆನ್ ಇದ್ದರೆ, ನಿಮ್ಮ ಸೈಟಿನಿಂದ ಬೇರೆ ಸೈಟಿಗೆ ಹೋಗುವ ಲಿಂಕ್ ಒತ್ತಿದ್ದನ್ನು ತಾನೇ 'ಕ್ಲಿಕ್' ಅಂತ ಬರೆದುಕೊಳ್ಳುತ್ತದೆ. ನಿಮ್ಮದೇ ಸೈಟಿನ ಒಳಗಿನ ಲಿಂಕ್ ಹಾಗೆ ಬರುವುದಿಲ್ಲ, ನಾವೇ ಹೇಳಿಕೊಡಬೇಕು. ಗೊತ್ತಿರುವ ಬಾಟ್‌ಗಳನ್ನು ಅದು ಲೆಕ್ಕಕ್ಕೆ ತಗೊಳ್ಳುವುದಿಲ್ಲ. ಪುಟದಲ್ಲಿ ಜಾವಾಸ್ಕ್ರಿಪ್ಟ್ ಓಡಿದರೆ ಮಾತ್ರ ಎಣಿಕೆ, ಹಾಗಾಗಿ ಆ ಮೂರು ಗಂಟೆಯ ಕುರುಡರೂ ಹೆಚ್ಚಾಗಿ ಸಿಗುವುದಿಲ್ಲ. ಆದರೆ ಆಡ್ ಬ್ಲಾಕರ್ ಇಟ್ಟುಕೊಂಡ ನಿಜವಾದ ಮನುಷ್ಯರೂ ಸಿಗುವುದಿಲ್ಲ. ಲಾಗ್ ಜಾಸ್ತಿ ಹೇಳುತ್ತದೆ, ಇದು ಕಡಿಮೆ ಹೇಳುತ್ತದೆ.

ಸ್ವಂತ ಸ್ಕ್ರಿಪ್ಟ್ ಬರೆಯುವವರು ಬ್ರೌಸರಿನ ಸೆಂಡ್‌ಬೀಕನ್ ಅನ್ನುವ ಸೌಲಭ್ಯ ಬಳಸಿ. ಬಟನ್ ಒತ್ತಿದ ಕೂಡಲೇ ಪುಟ ಬಿಟ್ಟು ವಾಟ್ಸಾಪ್ ತೆರೆಯುತ್ತದೆ. ಆ ಗಡಿಬಿಡಿಯಲ್ಲಿ ಮಾಮೂಲಿ ರಿಕ್ವೆಸ್ಟ್ ಅರ್ಧಕ್ಕೇ ಬಿದ್ದುಹೋಗಬಹುದು. ಬೀಕನ್ ಆದರೆ ಬ್ರೌಸರ್ ಅದನ್ನು ಇಸ್ಕೊಂಡು, ಪುಟ ಹೋದ ಮೇಲೂ ತಲುಪಿಸಲು ನೋಡುತ್ತದೆ.

ಅಡುಗೆ_ಭಟ್ಟರ_ಮಗ:

ಆದರೂ ಹಸಿರು ಬಟನ್ ಒತ್ತಿದ ಮಾತ್ರಕ್ಕೆ ಮೆಸೇಜ್ ಬಂತು ಅಂತಲ್ಲ. ವಾಟ್ಸಾಪ್ ತೆರೆದು, ಬರೆದಿರುವುದು ನೋಡಿ, 'ಆಮೇಲೆ ಕಳಿಸೋಣ' ಅಂತ ಬಿಟ್ಟವರು ಎಷ್ಟೋ. ನಾನೇ ಹಾಗೆ ಮಾಡುತ್ತೇನೆ.

ಲಾಗ್_ಅಕ್ಕ:

ಸರಿಯಾಗಿ ಹೇಳಿದೆಯಪ್ಪ. ಪುಟ ತೆರೆದದ್ದು ಒಂದು, ಬಟನ್ ಒತ್ತಿದ್ದು ಒಂದು, ಮೆಸೇಜ್ ಬಂದದ್ದು ಒಂದು. ಮೂರೂ ಬೇರೆ. ಇವನಿಗೆ ಬೇಕಾದದ್ದು ಮೂರನೆಯದು.

ತಮ್ಮಾ, ನಿನ್ನ ಬಟನ್ ವಾಟ್ಸಾಪ್‌ನ ಡಬ್ಲ್ಯೂಎ.ಮಿ ಲಿಂಕ್ ತಾನೆ? ಅದರಲ್ಲಿ ಮೆಸೇಜ್ ಮೊದಲೇ ತುಂಬಿಸಿ ಇಡಬಹುದು. ಅಲ್ಲೊಂದು ಗುರುತು ಸೇರಿಸು. ಫೇಸ್‌ಬುಕ್‌ನಿಂದ ಬಂದವರಿಗೆ 'ಬೆಲ್ಲ ಬೇಕಿತ್ತು (ಫ)', ಟೆಲಿಗ್ರಾಂನಿಂದ ಬಂದವರಿಗೆ '(ಟ)'. ಅವರು ಎಲ್ಲಿಂದ ಬಂದರು ಅನ್ನುವುದು ಮೆಸೇಜಿನ ಜೊತೆಗೇ ನಿನ್ನ ಫೋನಿಗೆ ಬರುತ್ತದೆ. ಕುಕಿ ಬೇಡ, ಐಪಿ ಬೇಡ, ಯಾವ ಬಾಟೂ ನಿನಗೆ ವಾಟ್ಸಾಪ್ ಮಾಡುವುದಿಲ್ಲ.

ಇನ್ನೊಂದು, ಆ ಲಾಗ್‌ಗಳನ್ನು ವರ್ಷಗಟ್ಟಲೆ ಇಟ್ಟುಕೊಳ್ಳಬೇಡ. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆ ಬಂದಿದೆ. ಕಾನೂನು ಬಿಡು, ಯಾರು ಎಷ್ಟು ಗಂಟೆಗೆ ಬೆಲ್ಲ ನೋಡಿದರು ಅನ್ನುವುದು ನಿನಗೆ ಯಾಕೆ ಬೇಕು? ಲೆಕ್ಕ ಆದ ಮೇಲೆ ಅಳಿಸು.

ಮಾರ್ಕೆಟಿಂಗ್_ಮೈಸೂರು:

ನಾನು ಮೊದಲು ಸ್ವಲ್ಪ ಖಾರವಾಗಿ ಬರೆದೆ, ಬೇಜಾರು ಮಾಡಿಕೊಳ್ಳಬೇಡಿ. ಒಂದು ಮಾತು ಮಾತ್ರ ನಿಲ್ಲುತ್ತದೆ. 'ಕ್ಲಿಕ್' ಅಂದರೆ ಏನು, ಯಾರ ಲೆಕ್ಕ ಅಂತ ಮೊದಲೇ ಬರೆದುಕೊಳ್ಳದೆ ಇದ್ದದ್ದು ಇಬ್ಬರ ತಪ್ಪೂ ಹೌದು. ಆ ವ್ಯಕ್ತಿ ಬೇಕಂತ ಮಾಡಿದ ಹಾಗೆ ಕಾಣುವುದಿಲ್ಲ. ಹತ್ತಾರು ಟೆಲಿಗ್ರಾಂ ಗುಂಪಿಗೆ ಹಾಕಿದರೆ ಬಾಟ್‌ಗಳು ಹಿಂಡುಹಿಂಡಾಗಿ ಬರುತ್ತವೆ. ಎಷ್ಟೋ ಗುಂಪಿನಲ್ಲಿ ಅವುಗಳನ್ನು ಬಿಟ್ಟರೆ ಬೇರೆ ಯಾರೂ ಇರುವುದಿಲ್ಲ.

ಆಲೆಮನೆ_ಮಂಡ್ಯ:

ಅವರ ಜೊತೆ ಕೂತು ಮಾತಾಡಿದೆ. ಮದ್ದೂರಿನಲ್ಲಿ ಸಿಕ್ಕಿದೆವು, ವಡೆ ತಿಂದೆವು, ಲಾಗ್ ತೋರಿಸಿದೆ. ಮೊದಲು ಮುಖ ಗಂಟಿಕ್ಕಿಕೊಂಡರು. 3:12ರ ಸಾಲುಗಳನ್ನು ತೋರಿಸಿದಾಗ ಅವರಿಗೇ ಆಶ್ಚರ್ಯ. ಅಪ್ಪನ ವಿಷಯ ಹೇಳಿದಾಗ ನಕ್ಕುಬಿಟ್ಟರು. 600 ಅಂತ ಒಪ್ಪಿಕೊಂಡು 1,800 ಕೊಟ್ಟೆ. ವಡೆ ಬಿಲ್ ಅವರೇ ಕೊಟ್ಟರು.

ಈಗ ಗುರುತು ಹಾಕುವ ಕೆಲಸ ಶುರು ಮಾಡಿದ್ದೇನೆ. ಅಗರಬತ್ತಿ ಅಂಗಡಿ ಅಣ್ಣ ತಮ್ಮ ಗಲ್ಲಾಪೆಟ್ಟಿಗೆ ಪಕ್ಕ ನಮ್ಮ ಕ್ಯುಆರ್ ಚೀಟಿ ಅಂಟಿಸಲು ಒಪ್ಪಿದ್ದಾರೆ. ಅದಕ್ಕೆ 'ಅ' ಅಂತ ಗುರುತು. ಎರಡು ವಾರ ಬಿಟ್ಟು ಬರುತ್ತೇನೆ.

ಆಲೆಮನೆ_ಮಂಡ್ಯ:

ಎರಡು ವಾರ ಆಯಿತು.

ಟೆಲಿಗ್ರಾಂ: ಸೋಸಿದ ಮೇಲೂ ಪುಟ ತೆರೆದದ್ದು 390. ಮೆಸೇಜ್ 2. ಆರ್ಡರ್ ಇಲ್ಲ. ಅದರಲ್ಲಿ ಒಬ್ಬರು ನಮಗೇ ಏನೋ ಮಾರಲು ಬಂದವರು.

ಫೇಸ್‌ಬುಕ್: 118 ತೆರೆದರು, ಮೆಸೇಜ್ 9, ಆರ್ಡರ್ 5.

ಅಗರಬತ್ತಿ ಅಂಗಡಿಯ ಅಂಗೈಯಗಲದ ಚೀಟಿ: ತೆರೆದದ್ದು 64, ಮೆಸೇಜ್ 17, ಆರ್ಡರ್ 12.

ಗುರುತು ಅಳಿಸಿ ಕಳಿಸಿದವರು 3 ಜನ. ಅದೇನೋ ತಪ್ಪಾಗಿ ಬಂದಿದೆ ಅಂದುಕೊಂಡು ಒರೆಸಿದ್ದಾರಂತೆ. ಮುಂದೆ 'ಆರ್ಡರ್ ನಂಬರ್' ಅನ್ನುವ ಹಾಗೆ ಕಾಣುವ ಗುರುತು ಹಾಕಬೇಕು.

ಅಪ್ಪನ ಫೋನಿಗೆ ಬೇರೆ ಲಿಂಕ್ ಮಾಡಿಕೊಟ್ಟಿದ್ದೇನೆ. ಅದನ್ನು ಎಣಿಕೆಯಿಂದ ಹೊರಗಿಟ್ಟಿದ್ದೇನೆ ಅಂತ ಅವರಿಗೆ ಹೇಳಿಲ್ಲ. ಪುಟದ ಕೆಳಗೆ ಅವರಿಗೆ ಮಾತ್ರ ಕಾಣುವ ಹಾಗೆ ಅವತ್ತಿನ ಆರ್ಡರ್ ಸಂಖ್ಯೆ ಬರುತ್ತದೆ. ಆದರೂ ಬೆಳಿಗ್ಗೆ ಕಾಫಿ ಲೋಟ ಹಿಡಿದು ಬಂದು 'ಏನ್ಲಾ, ಇವತ್ತು ಎಷ್ಟ್ ಜನ ಬಂದವ್ರೆ?' ಅಂತ ಕೇಳುವುದು ನಿಂತಿಲ್ಲ.

ಅಗರಬತ್ತಿ_ಅಂಗಡಿ:

ನಮ್ಮ ಗಿರಾಕಿಗಳು ಚೀಟಿ ನೋಡಿ ಮೊದಲು ನನ್ನನ್ನೇ ಕೇಳುತ್ತಾರೆ, 'ಬೆಲ್ಲ ಹೆಂಗಿದೆ?' ಅಂತ. ಹಾಗಾಗಿ ಎರಡು ಕೆಜಿ ತರಿಸಿ ಗಲ್ಲಾದ ಮೇಲೆ ಚೂರು ಮಾಡಿ ಇಟ್ಟಿದ್ದೇನೆ. ಬಾಯಿಗೆ ಹಾಕಿಕೊಂಡ ಮೇಲೆಯೇ ಸ್ಕ್ಯಾನ್ ಮಾಡುವುದು. ಇದು ನಿಮ್ಮ ಯಾವ ಲಾಗಿನಲ್ಲೂ ಬಂದಿರಲಿಕ್ಕಿಲ್ಲ.

ಲಾಗ್_ಅಕ್ಕ:

ಬಂದಿಲ್ಲ. ಟೆಲಿಗ್ರಾಂ ನಿಲ್ಲಿಸು ತಮ್ಮಾ, ಚೀಟಿ ಇನ್ನೂ ನಾಲ್ಕು ಅಂಗಡಿಗೆ ಹಾಕು. ಒಂದೊಂದಕ್ಕೂ ಬೇರೆ ಅಕ್ಷರ.

ನಿವೃತ್ತ_ಬ್ಯಾಂಕ್:

ಮೊದಲಿನಿಂದ ಓದುತ್ತಾ ಬಂದೆ. ಅಚ್ಚು ಬೆಲ್ಲ ಎರಡು ಕೆಜಿ, ಜೋನಿ ಒಂದು ಕೆಜಿ ಬೇಕಿತ್ತು. ನಾನು ಯಾವ ಲಿಂಕನ್ನೂ ಒತ್ತಿಲ್ಲ, ಯಾವ ಚೀಟಿಯನ್ನೂ ನೋಡಿಲ್ಲ. ಯಾವ ಅಕ್ಷರ ಬರೆಯಲಿ?

ಆಲೆಮನೆ_ಮಂಡ್ಯ:

ಏನೂ ಬರೆಯಬೇಡಿ ಸರ್. ನಮ್ಮ ನಂಬರ್ ನಿಮಗೆ ಪ್ರತ್ಯೇಕವಾಗಿ ಕಳಿಸಿದ್ದೇನೆ, ಅಡ್ರೆಸ್ ಹಾಕಿ. ಬುಧವಾರ ಹೊಸ ಪಾಕ ಇಳಿಯುತ್ತದೆ.